ಯೆಸ್‌ನ ‘ಟೇಲ್ಸ್’ ಕೇಳೋದು ಹೇಗೆ? ಕೊನೆಯಿಂದ ಶುರು ಮಾಡಿ

ಬ್ರಿಟಿಷ್ ರಾಕ್ ತಂಡ ಯೆಸ್‌ನ ಈ ಆಲ್ಬಮ್ಮನ್ನು ಒಂದೇ ಸಲಕ್ಕೆ ಪೂರ್ತಿ ಮಾತ್ರ ಕೇಳಬೇಡಿ. ನಾನು ಅದನ್ನೇ ಮಾಡಿ ಕೆಟ್ಟೆ. ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಸಿಕ್ಕಿಸಿಕೊಂಡು, 81 ನಿಮಿಷವನ್ನೂ ಮುಗಿಸಿಯೇ ಏಳೋದು ಅಂತ ಮಲಗಿದ್ದೆ. ಎರಡನೇ ಹಾಡಿನ ನಡುವೆಲ್ಲೋ ಕಣ್ಣು ಹತ್ತಿತು. ಪಾತ್ರೆ ಸ್ಟ್ಯಾಂಡು ಉರುಳಿಬಿದ್ದಂಥ ಸದ್ದಿಗೆ ಧಡಕ್ಕನೆ ಎದ್ದು ಕೂತು ಅಡುಗೆಮನೆಗೆ ಹೋಗಿ ನೋಡಿದೆ. ಪಾತ್ರೆಗಳೆಲ್ಲ ನೆಟ್ಟಗಿದ್ದವು. ಸದ್ದು ಮಾಡಿದ್ದು ಮೂರನೇ ಹಾಡಿನ ತಾಳವಾದ್ಯಗಳು.

‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’ ಬ್ರಿಟನ್ನಿನಲ್ಲಿ ಹೊರಬಂದಿದ್ದು 1973ರ ಡಿಸೆಂಬರಿನಲ್ಲಿ. ಎರಡು ಎಲ್‌ಪಿ (ಗ್ರಾಮಫೋನ್ ತಟ್ಟೆ), ನಾಲ್ಕು ಮಗ್ಗುಲು, ಮಗ್ಗುಲಿಗೊಂದೇ ಹಾಡು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ಮಗುಚಲೇಬೇಕಿತ್ತು. ಆ ಬಿಡುವು ಈಗಿನ ಪ್ಲೇಯರುಗಳಲ್ಲಿಲ್ಲ, ಹಾಗಾಗಿ ನೀವೇ ಮಾಡಿಕೊಳ್ಳಿ. ದಿನಕ್ಕೊಂದೇ ಹಾಡು. ಅದು ಮುಗಿದ ಕೂಡಲೇ ಪಾಜ್ ಒತ್ತಿ.

ಶುರು ಮಾಡುವ ಮುಂಚೆ ಒಂದು ವಿಷಯ ಗೊತ್ತಿರಲಿ. ಗಾಯಕ ಜಾನ್ ಆಂಡರ್ಸನ್ ಟೋಕಿಯೊದ ಹೋಟೆಲ್ ಕೋಣೆಯಲ್ಲಿ ಪರಮಹಂಸ ಯೋಗಾನಂದರ ಆತ್ಮಕಥೆ ಓದುತ್ತಿದ್ದಾಗ ಒಂದು ಅಡಿಟಿಪ್ಪಣಿ ಅವರನ್ನು ಹಿಡಿದು ನಿಲ್ಲಿಸಿತು. ಶಾಸ್ತ್ರಗಳು ನಾಲ್ಕು ಬಗೆ: ಶ್ರುತಿ, ಸ್ಮೃತಿ, ಪುರಾಣ, ತಂತ್ರ. ಅಷ್ಟೇ, ಡಬಲ್ ಆಲ್ಬಮ್ಮಿಗೆ ಅಸ್ತಿವಾರ ಬಿತ್ತು. ಅಂದಿನ ಇಂಗ್ಲಿಷ್ ಕೇಳುಗರಿಗೆ ಇದು ಕಬ್ಬಿಣದ ಕಡಲೆ. ನಮಗೆ ಹಾಡುಗಳ ಹೆಸರಿನಲ್ಲೇ ಅರ್ಧ ಬಿಡಿಸಿಟ್ಟಿದೆ. ಎರಡನೆಯದು ‘ದಿ ರಿಮೆಂಬರಿಂಗ್’, ಅಂದರೆ ಸ್ಮೃತಿ. ಮೂರನೆಯದು ‘ದಿ ಏನ್ಶೆಂಟ್’, ಪುರಾಣ. ನಾಲ್ಕನೆಯದು ‘ರಿಚುಯಲ್’, ತಂತ್ರ. ಹಾಡುಗಳ ಸಾಹಿತ್ಯದಲ್ಲಿ ಶಾಸ್ತ್ರ ಹುಡುಕಲು ಮಾತ್ರ ಹೋಗಬೇಡಿ, ಸಿಗೋದಿಲ್ಲ. ಆಂಡರ್ಸನ್ ಪದಗಳನ್ನು ಆರಿಸೋದು ನಾದಕ್ಕಾಗಿ.

ಮೊದಲ ದಿನ ‘ರಿಚುಯಲ್’ ಹಾಕಿ. ಇದರಲ್ಲಿ ಹಿಡಿದುಕೊಳ್ಳಲು ರಾಗವಿದೆ, ಕ್ರಿಸ್ ಸ್ಕ್ವೈರ್ ಅವರ ಬೇಸ್ ಗಿಟಾರ್ ಮೆರೆಯುತ್ತದೆ. ಮೂರನೇ ಎರಡು ಭಾಗ ಕಳೆದ ಹೊತ್ತಿಗೆ ಡ್ರಮ್ಮುಗಳ ಕಾಳಗ ಏಳುತ್ತದೆ. ಡ್ರಮ್ಮರ್ ಅಲನ್ ವೈಟ್‌ಗೆ ಯೆಸ್ ಜೊತೆ ಇದು ಮೊದಲ ಸ್ಟುಡಿಯೊ ಆಲ್ಬಮ್. ಆ ಗದ್ದಲವೆಲ್ಲ ಅಡಗಿದ ಮೇಲೆ ಬರುವ ಮೆಲುದನಿಗೆ ಬೆಲೆ ಬರುವುದೇ ಗದ್ದಲದಿಂದ. ಗದ್ದಲವನ್ನು ಫಾರ್ವರ್ಡ್ ಮಾಡಿ ದಾಟಿಸಿದರೆ ಅದೂ ಕೈತಪ್ಪುತ್ತದೆ.

ಎರಡನೇ ದಿನ, ನನ್ನ ನಿದ್ದೆ ಕೆಡಿಸಿದ ‘ದಿ ಏನ್ಶೆಂಟ್’. ಇಡೀ ಆಲ್ಬಮ್ಮಿನಲ್ಲಿ ಅತಿ ಹೆಚ್ಚು ಬೈಗುಳ ತಿನ್ನಬೇಕಾದದ್ದು ಇದೇ. ಲೋಹದ ಟಣಟಣ, ಅದರ ಮೇಲೆ ಸ್ಟೀವ್ ಹೌ ಅವರ ಸ್ಟೀಲ್ ಗಿಟಾರ್ ಕೀರಲು. ಸಿಟ್ಟು ಬಂದರೆ ಬರಲಿ, ಹಲ್ಲು ಕಚ್ಚಿ ಕೂತಿರಿ. ಹನ್ನೆರಡು ನಿಮಿಷ ದಾಟಿದ ಮೇಲೆ ಎಲ್ಲವೂ ಸರಿದು ಒಂಟಿ ಅಕೌಸ್ಟಿಕ್ ಗಿಟಾರ್ ಉಳಿಯುತ್ತದೆ. ತಂತಿಯ ಮೇಲೆ ಬೆರಳು ಜಾರುವುದೂ ಕೇಳುವಷ್ಟು ಹತ್ತಿರ. ಆಮೇಲೆ ಅದರ ಜೊತೆಗೆ ಹಾಡು. ಆ ಆರು ನಿಮಿಷಕ್ಕಾಗಿ ಈ ಆಲ್ಬಮ್ ಇಟ್ಟುಕೊಂಡಿದ್ದೇನೆ ಅಂದರೂ ತಪ್ಪಿಲ್ಲ.

ಮೂರನೇ ದಿನ ಮೊದಲ ಹಾಡು, ನಾಲ್ಕನೇ ದಿನ ‘ದಿ ರಿಮೆಂಬರಿಂಗ್’. ಇದು ನಿಧಾನ, ಅಲೆ ಅಲೆಯಾಗಿ ಬರುವ ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದಿಟ್ಟ ಸದ್ದು ನುಡಿಸುವ ಕೀಬೋರ್ಡು). ಮಲಗಿ ಕೇಳಬೇಡಿ!

ವಿಮರ್ಶೆಗಳನ್ನು ಐದನೇ ದಿನದ ತನಕ ಮುಟ್ಟಬೇಡಿ. ಬ್ರಿಟನ್ನಿನಲ್ಲಿ ಎರಡು ವಾರ ಮೊದಲ ಸ್ಥಾನ, ಅಮೆರಿಕದಲ್ಲಿ ಆರನೇ ಸ್ಥಾನ. ಆದರೂ ಪತ್ರಿಕೆಗಳಲ್ಲಿ ಅನೇಕರು ಇದನ್ನು ಎಳೆದಾಟ, ಆಡಂಬರ ಅಂತ ಜರಿದರು. ತಂಡದೊಳಗೇ ಮುನಿಸು. ಕೀಬೋರ್ಡಿನ ರಿಕ್ ವೇಕ್‌ಮನ್‌ಗೆ ಇದು ಹಿಡಿಸಲೇ ಇಲ್ಲ. ಮ್ಯಾಂಚೆಸ್ಟರಿನ ಸಂಗೀತ ಕಛೇರಿಯೊಂದರಲ್ಲಿ ಬೇಸರ ತಾಳದೆ ವೇದಿಕೆಯ ಮೇಲೇ ಇಂಡಿಯನ್ ಕರಿ ಊಟ ಮಾಡಿದ ಕಥೆಯನ್ನು ಅವರೇ ಹೇಳಿಕೊಳ್ಳುತ್ತಾರೆ. 1974ರಲ್ಲಿ ತಂಡ ಬಿಟ್ಟರು. ಅವರ ದೂರು ಸರಳ: ಸರಕು ಒಂದು ಎಲ್‌ಪಿಗೆ ಹೆಚ್ಚು, ಎರಡಕ್ಕೆ ಕಮ್ಮಿ, ಹಾಗಾಗಿ ತುಂಬಿಸಿದ್ದು ಜಾಸ್ತಿ.

ನನ್ನ ಲೆಕ್ಕದಲ್ಲಿ ಅವರು ಹೇಳಿದ್ದು ಅರ್ಧ ನಿಜ. ಎಷ್ಟು ನಿಜ ಅಂತ ನೀವೇ ಅಳೆಯಬೇಕಾದರೆ ಒಂದು ಚೀಟಿ ಇಟ್ಟುಕೊಳ್ಳಿ. ಮನಸ್ಸು ಬೇರೆಡೆ ಓಡಿದಾಗಲೆಲ್ಲ ನಿಮಿಷ ಗುರುತು ಹಾಕಿ, ವಾರ ಬಿಟ್ಟು ಮತ್ತೆ ಕೇಳಿ ಇನ್ನೊಂದು ಚೀಟಿ ಬರೆಯಿರಿ. ಎರಡರಲ್ಲೂ ಬಂದ ಜಾಗಗಳು ವೇಕ್‌ಮನ್ ಪಾಲಿಗೆ. ನನ್ನ ಚೀಟಿಗಳಲ್ಲಿ ಹಾಗೆ ಉಳಿದವು ಬಹುಪಾಲು ‘ದಿ ರಿಮೆಂಬರಿಂಗ್’ನವು. ‘ರಿಚುಯಲ್’ನದು ಒಂದೂ ಇಲ್ಲ.

ಅಂದಹಾಗೆ, ನಿಮ್ಮ ಪ್ಲೇಯರ್ ಮೊದಲ ಹಾಡಿಗೆ 22 ನಿಮಿಷ ತೋರಿಸಿದರೆ ಅದು 2003ರ ಮರುಬಿಡುಗಡೆಯದು. ಮೂಲದಲ್ಲಿ ಕೈಬಿಟ್ಟಿದ್ದ ಎರಡು ನಿಮಿಷದ ಪೀಠಿಕೆಯನ್ನು ಅದರಲ್ಲಿ ಸೇರಿಸಿದ್ದಾರೆ. ಮೊದಲ ಸಲಕ್ಕೆ ಅದನ್ನು ದಾಟಿಸಿ, ದನಿ ಶುರುವಾಗುವಲ್ಲಿಂದ ಕೇಳಿ.