ಸಂಡೂರಿನ ಗುಡ್ಡದಲ್ಲಿ ‘ಇಲ್ಲ’ ಎಂದು ಬರೆಯುವ ಮುಂಚೆ

ಸಂಡೂರಿನ ಗುಡ್ಡದಲ್ಲಿ ಎರಡು ದಿನ ಓಡಾಡಿದರೆ ಸಾಕು, ಶೂ, ಸಾಕ್ಸು, ಅಳತೆ ಟೇಪು ಎಲ್ಲ ಕೆಂಪಾಗಿಬಿಡುತ್ತವೆ. ಎಲ್ಲಾ ಅದಿರಿನ ಧೂಳು. ಲಾರಿ ದಾರಿಯ ಪಕ್ಕದ ಗಿಡಗಳ ಮೇಲಂತೂ ಎಷ್ಟು ದಪ್ಪ ಕೂತಿರುತ್ತದೆ ಅಂದರೆ, ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೇ ಅದು ಬಂದರೆ ಗಿಡವೋ ಕವಳೆ ಗಿಡವೋ ಗೊತ್ತಾಗುವುದು.

ಹೊಸದಾಗಿ ಕಬ್ಬಿಣದ ಅದಿರು ತೆಗೆಯಬೇಕು ಅಂದುಕೊಂಡಿದ್ದ ಒಂದು ಜಾಗದ ಜೀವವೈವಿಧ್ಯ ಸಮೀಕ್ಷೆಗೆ ಹೋಗಿದ್ದೆ. ಗಣಿ ಶುರುವಾಗುವ ಮುಂಚೆ ಅಲ್ಲಿ ಏನೇನಿದೆ ಅಂತ ದಾಖಲಿಸುವ ಕೆಲಸ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪರಿಸರ ಅನುಮತಿ ಕೇಳುವ ವರದಿಯಲ್ಲಿ ಇದು ಇರಲೇಬೇಕು. ಗುತ್ತಿಗೆಯ ಜಾಗಕ್ಕೆ ಕೋರ್ ಅಂತಾರೆ, ಸುತ್ತಲಿನ 10 ಕಿಲೋಮೀಟರ್‌ಗೆ ಬಫರ್. ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಕೊಟ್ಟರೆ ಸಾಮಾನ್ಯವಾಗಿ ಸಾಕು. ನನಗೆ ಸಿಕ್ಕಿದ್ದು ಮಾರ್ಚ್ ತಿಂಗಳು.

ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆ ಮೊದಲು ಮಾಡಿದ್ದು ನಕ್ಷೆಯ ಮೇಲೆ ಚುಕ್ಕಿ ಇಡುವ ಕೆಲಸ. ಚುಕ್ಕಿ ಬಿದ್ದಲ್ಲೇ ಕ್ವಾಡ್ರಾಟ್, ಅಂದರೆ ಗಿಡ ಎಣಿಸುವ ಚೌಕ ಹಾಕಬೇಕು, ಅದು ಕಡಿದಾದ ಇಳಿಜಾರಾದರೂ ಸರಿ. ಈ ನಿಯಮ ಇಲ್ಲದಿದ್ದರೆ ಜೀಪ್ ನಿಂತಲ್ಲೇ ಟೇಪು ಬಿಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಆಗ ನಾವು ಎಣಿಸುವುದು ರಸ್ತೆ ಬದಿಯ ಗಿಡಗಳನ್ನು, ಅಲ್ವಾ? ಮರಗಳಿಗೆ 10 ಮೀಟರ್ ಚೌಕ, ಪೊದೆಗೆ 5, ಹುಲ್ಲು ಮತ್ತು ಚಿಕ್ಕ ಸಸಿಗಳಿಗೆ 1 ಮೀಟರ್. ಪ್ರತಿ ಚೌಕದ ಮೂಲೆಗೂ ಗೂಟ ಹೊಡೆದೆವು. ಆ ಗೂಟಗಳು ಮುಂದೆ ಬಹಳ ಉಪಯೋಗಕ್ಕೆ ಬಂದವು.

ಕರಡಿಯ ಕುರುಹು ಮೂರನೇ ದಿನವೇ ಸಿಕ್ಕಿತು. ದರೋಜಿ ಕರಡಿಧಾಮ ಇದೇ ಸೀಮೆಯಲ್ಲಿದೆ, ಹಾಗಾಗಿ ಅದರಲ್ಲಿ ಆಶ್ಚರ್ಯ ಏನಿಲ್ಲ. ನನಗೆ ಬೇಕಾಗಿದ್ದು ಅದು ಈ ಗುಡ್ಡಕ್ಕೆ ಯಾಕೆ ಬರುತ್ತದೆ ಅನ್ನುವುದು. ಸುಮ್ನೆ ದಾಟಿ ಹೋಗುತ್ತದೋ, ಇಲ್ಲೇ ಮೇಯುತ್ತದೋ, ಮರಿ ಹಾಕುತ್ತದೋ? ಒಣಗಿದ ಹಿಕ್ಕೆಯನ್ನು ಕಾಗದದ ಮೇಲೆ ಇಟ್ಟು ಕಡ್ಡಿಯಿಂದ ಬಿಡಿಸಿದೆ. ಗೆದ್ದಲಿನ ಸಣ್ಣ ಸಣ್ಣ ತಲೆಗಳು, ನಯವಾದ ಕಂದು ಬಣ್ಣದ ಕಕ್ಕೆ ಬೀಜ. ಹತ್ತಿಪ್ಪತ್ತು ಹೆಜ್ಜೆ ಆಚೆ ಅಗೆದ ಹುತ್ತ, ಅದರ ಗೋಡೆಯಲ್ಲಿ ಉಗುರಿನ ಉದ್ದ ಗೀರು. ಅಂದರೆ ಇಲ್ಲೇ ಊಟ ಮಾಡುತ್ತಿದೆ. ಕರಡಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ. ಅಂಥ ಪ್ರಾಣಿ ಇದ್ದರೆ ಅದರ ರಕ್ಷಣೆಗೆ ಬೇರೆ ಯೋಜನೆಯನ್ನೇ ಬರೆದು ಕೊಡಬೇಕು. ಎಲ್ಲಿ ತಿನ್ನುತ್ತದೆ, ಯಾವ ದೊಣೆಯಲ್ಲಿ ನೀರು ಕುಡಿಯುತ್ತದೆ ಅಂತ ಗೊತ್ತಿಲ್ಲದೆ ಬರೆದ ಯೋಜನೆ ಯಾವ ಕರಡಿಗೂ ಉಪಯೋಗವಿಲ್ಲ.

ಹಳದಿ ಕತ್ತಿನ ಪಿಕಳಾರ ಮಾತ್ರ ತುಂಬಾ ಸತಾಯಿಸಿತು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಈ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬಿಳಿ ಹುಬ್ಬಿನ ಪಿಕಳಾರವೂ ಅಂಥದೇ ಪೊದೆಗಳಲ್ಲಿ ಇರುತ್ತದೆ. ದನಿ ಕೇಳಿದ ಕೂಡಲೇ ಬರೆದುಕೊಂಡರೆ ತಪ್ಪಾಗಬಹುದು. ಐದು ಬೆಳಗ್ಗೆ ಒಂದೇ ಬಂಡೆಯ ಹತ್ತಿರ ಕೂತೆ. ಆರನೇ ದಿನ ಎರಡು ಬಂಡೆಗಳ ಸಂದಿಯ ಪೊದೆಯಿಂದ ಒಂದು ಹೊರಗೆ ಬಂದು ಕೂತಿತು. ತಲೆ, ಕತ್ತು ಅಚ್ಚ ಹಳದಿ. ನಾಲ್ಕು ದಿನಕ್ಕೇ ಎದ್ದು ಬಂದಿದ್ದರೆ ನನ್ನ ಪಟ್ಟಿಯಲ್ಲಿ ಆ ಹಕ್ಕಿ ಇರುತ್ತಿರಲಿಲ್ಲ.

ಈ ಯೋಚನೆ ತಲೆಯಲ್ಲಿ ಕೊರೆಯುತ್ತಿರುವಾಗಲೇ ಮೇಕೆ ಕಾಯುವ ತಾತ ಒಬ್ಬರು ನನ್ನ ಚೌಕದ ಹತ್ತಿರ ಬಂದು ನಿಂತರು. ಒಂದು ಮೀಟರ್ ಜಾಗದಲ್ಲಿ ಬರೀ ಒಣ ಹುಲ್ಲು, ಕಲ್ಲು. ಹಾಳೆಯಲ್ಲಿ ಸಸಿಗಳ ಮುಂದೆ ನಾನು ಬರೆದಿದ್ದು ಸೊನ್ನೆ. ಅವರು ನೋಡಿ ಹೇಳಿದರು: “ಮಳಿ ಬರ್ಲಿ ತಮ್ಮಾ, ಆಮ್ಯಾಲೆ ಬಾ. ಈಗ ಎಲ್ಲಾ ಮಣ್ಣಾಗ ಮಲಗ್ಯಾವು.”

ನನಗೆ ಕೆಲಸ ಕೊಟ್ಟಿದ್ದವರಿಗೆ ಮಳೆಗಾಲದ ಸಮೀಕ್ಷೆ ಬೇಕಾಗಿರಲಿಲ್ಲ. ಕಪ್ಪೆಗಳ ಸಾಲಿನಲ್ಲಿ ‘ಇಲ್ಲ’ ಅಂತ ತುಂಬಿ ಕಳಿಸಿ ಅಂದರು. ಸಹಿ ನನ್ನದು, ನನಗೆ ಮನಸ್ಸಾಗಲಿಲ್ಲ. ಮಳೆ ಹಿಡಿದ ಮೇಲೆ ನನ್ನ ಖರ್ಚಿನಲ್ಲೇ ಹೋದೆ.

ಗೂಟ ಹುಡುಕಿ ಅದೇ ಚೌಕದ ಮುಂದೆ ಕೂತೆ. ಒಂದು ಗೂಟಕ್ಕೆ ಗೌರಿ ಹೂವಿನ ಬಳ್ಳಿ ಸುತ್ತಿಕೊಂಡಿತ್ತು. ಹೂ ಇನ್ನೂ ಬಿಟ್ಟಿರಲಿಲ್ಲ, ಆದರೆ ಎಲೆಯ ತುದಿ ಸುರುಳಿಯಾಗಿ ಗೂಟ ಹಿಡಿದಿದ್ದು ನೋಡಿದರೆ ಬೇರೆ ಗುರುತು ಬೇಕಾಗಿಲ್ಲ. ಮಾರ್ಚ್‌ನಲ್ಲಿ ನಾನು ಸೊನ್ನೆ ಬರೆಯುವಾಗ ಅದರ ಗೆಡ್ಡೆ ನನ್ನ ಕಾಲಡಿಯಲ್ಲೇ ಇತ್ತು. ರಾತ್ರಿ ಟಾರ್ಚ್ ಹಿಡಿದು ದೊಣೆಯ ಕಡೆ ಹೊರಟರೆ ಕಪ್ಪೆಗಳ ಗದ್ದಲ. ಒಂದನ್ನು ಒದ್ದೆ ಕೈಯಲ್ಲಿ ಎತ್ತಿಕೊಂಡೆ. ದುಂಡಗೆ, ಉಬ್ಬಿದ ಮೈ. ಹಿಂಗಾಲಿನ ಪಾದದಲ್ಲಿ ಗುದ್ದಲಿಯಂಥ ಗಟ್ಟಿ ಗಂಟು. ಕೆಳಗೆ ಬಿಟ್ಟ ಕೂಡಲೇ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಮಣ್ಣೊಳಗೆ ಇಳಿದುಬಿಟ್ಟಿತು. ಬೇಸಿಗೆ ಪೂರ್ತಿ ಇವು ಹೀಗೇ ಕಳೆಯುತ್ತವೆ.

ವಾಪಸ್ ಬಂದು ಪಟ್ಟಿಯನ್ನೇ ಬದಲಿಸಿದೆ. ‘ಇದೆ, ಇಲ್ಲ’ ಅನ್ನುವ ಕಾಲಂ ತೆಗೆದೆ. ಅದರ ಜಾಗದಲ್ಲಿ ಯಾವ ತಿಂಗಳು ಹುಡುಕಿದೆವು, ಎಷ್ಟು ಗಂಟೆ ಹುಡುಕಿದೆವು, ಏನು ಕಂಡಿತು ಅಂತ ಮೂರು ಕಾಲಂ ಹಾಕಿದೆ. ಕೊಂಡುಕುರಿಯ (ನಾಲ್ಕು ಕೊಂಬಿನ ಹುಲ್ಲೆ) ಸಾಲಿನಲ್ಲಿ, ಕ್ಯಾಮೆರಾ ಇಟ್ಟ ರಾತ್ರಿಗಳ ಲೆಕ್ಕ ಬರೆದು, ಮೂರನೇ ಕಾಲಂನಲ್ಲಿ ‘ಕಾಣಲಿಲ್ಲ’ ಅಂತ ಹಾಕಿದೆ. ಕಪ್ಪೆಗಳಿಗೆ ಎರಡು ಸಾಲು ಬಂದವು, ಮಾರ್ಚ್‌ದೊಂದು, ಮಳೆಯದೊಂದು.