ಲೋಟೆ ತೊಳೆಯುವವರು ಯಾರು?

ಕಾಸರಗೋಡಿನ ನಮ್ಮ ಪೆರ್ಲದ ಆಸುಪಾಸಿನ ತೋಟದ ಮನೆಗಳಲ್ಲಿ ಬಚ್ಚಲ ಒಲೆಗೆ ಬೆಂಕಿ ಹಿಡಿಸುವ ಸುಲಭದ ದಾರಿ ಎಲ್ಲರಿಗೂ ಗೊತ್ತು: ಒಂದು ಹಾಲಿನ ತೊಟ್ಟೆ, ಅಂದರೆ ಪ್ಲಾಸ್ಟಿಕ್ ಚೀಲ, ತುರುಕಿ ಕಡ್ಡಿ ಗೀರುವುದು. ಆಟಿ ತಿಂಗಳಲ್ಲಿ ಸೋಗೆ, ಕೊತ್ತಳಿಗೆ ಎಲ್ಲ ನೆನೆದಿರುವಾಗ ತೊಟ್ಟೆಯಷ್ಟು ಚುರುಕಾಗಿ ಹತ್ತಿಕೊಳ್ಳುವುದು ಬೇರೆ ಇಲ್ಲ. ಪರಿಸರಕ್ಕೆ ಹಿತವಾಗುವಂತೆ ಮನೆಯ ರೂಢಿಗಳನ್ನು ಬದಲಿಸಲು ಹೊರಟಾಗ ನಾನು ಮೊದಲು ಕೈಹಾಕಿದ್ದು ಇದಕ್ಕೇ. ಬೇಸಗೆಯಲ್ಲೇ ಗೆರಟೆ ಚೂರು, ಒಣ ಅಡಿಕೆ ಹಾಳೆಯ ಸೀಳು ಗೋಣಿಗೆ ತುಂಬಿ ಬಚ್ಚಲ ಅಟ್ಟಕ್ಕೆ ಏರಿಸಿಟ್ಟೆ. ಅಷ್ಟೇ. ಮಳೆಗಾಲ ಪೂರ್ತಿ ಒಲೆ ಉರಿಯಿತು.

ಗಾಳಿಯಲ್ಲಿ ಬಿಟ್ಟದ್ದು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಗೇರುಮರದಲ್ಲೇ ನಿಲ್ಲಲಿಲ್ಲ, ತೋಡಿಗೂ ಬಾವಿಗೂ ಇಳಿಯಿತು. ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆದದ್ದು 2011ರಲ್ಲಿ. ಇಷ್ಟೆಲ್ಲ ಕಂಡ ಊರಿನಲ್ಲಿ ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಹೊಗೆ ಎದ್ದರೂ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಬಚ್ಚಲ ಹೊಗೆ ನಮ್ಮದೇ ಅಲ್ಲವೆ!

ಸುಡದಿದ್ದರೆ ತೊಟ್ಟೆಯನ್ನು ಏನು ಮಾಡುವುದು? ಕಸ ಒಯ್ಯಲಿಕ್ಕೆ ಪಂಚಾಯತಿನ ಹೆಂಗಸರ ತಂಡವಾದ ಹರಿತ ಕರ್ಮ ಸೇನೆಯವರು ಮನೆಗೇ ಬರುತ್ತಾರೆ, ತಿಂಗಳಿಗೆ 50 ರೂಪಾಯಿ. ಆ ದುಡ್ಡು ದಂಡ ಎಂದು ಗೊಣಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬಿಸಿಲಲ್ಲಿ ಗುಡ್ಡ ಹತ್ತಿ ಬಂದು ನಮ್ಮ ಮನೆಯ ಕಸ ಹೊತ್ತುಕೊಂಡು ಹೋಗುವ ಹೆಂಗಸರಿಗೆ ಅದು ಕಡಿಮೆಯೇ ಎಂದು ನನ್ನ ಲೆಕ್ಕ. ಆದರೆ ಅವರಿಗೆ ತೊಳೆದು ಒಣಗಿಸಿದ್ದೇ ಬೇಕು. ಹಾಲು ಮೆತ್ತಿದ ತೊಟ್ಟೆ ಎರಡೇ ದಿನದಲ್ಲಿ ನಾರಿ ಹುಳವಾಗುತ್ತದೆ. ತುದಿ ಕತ್ತರಿಸುವಾಗ ಚೂರು ಬೇರೆಯಾಗದಂತೆ ನೋಡಿಕೊಂಡು, ಮಗುಚಿ ತೊಳೆದು, ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಬೇಕು. ಅತ್ತೆ ಕೆಲವು ದಿನ ಸುಮ್ಮನೆ ನೋಡಿದರು. ಆಮೇಲೆ, "ಹಪ್ಪಳ ಒಣಗಿಸಿದ ಹಾಗೆ ತೊಟ್ಟೆ ಒಣಗಿಸುತ್ತೀಯಲ್ಲ ಮಾರಾಯ್ತಿ, ಕಾಗೆ ಓಡಿಸಲಿಕ್ಕೆ ನಾನು ಕೂರಬೇಕಾ?" ಎಂದರು. ಈಗ ತೊಳೆಯುವುದು ಅವರೇ, ನನ್ನದು ಅವರಿಗೆ ಸಮ ಆಗುವುದಿಲ್ಲವಂತೆ.

ಪಾತ್ರೆ ತೊಳೆಯಲಿಕ್ಕೆ ಅಂಗಡಿ ಸೋಪಿನ ಬದಲು ಅಂಟುವಾಳ. ತೋಟದ ಮೇಲಿನ ಬರೆಯಲ್ಲಿ ಹಳೆಯ ಮರವೊಂದಿದೆ, ಬೇಸಗೆ ಶುರುವಾಗುವಾಗ ಕಾಯಿ ಉದುರುತ್ತದೆ. ಕಲ್ಲಿನಲ್ಲಿ ಜಜ್ಜಿ ಬೀಜ ತೆಗೆದು, ಸಿಪ್ಪೆಯನ್ನು ಗಲಗಲ ಅನ್ನುವಷ್ಟು ಒಣಗಿಸಿ ಭರಣಿಯಲ್ಲಿಟ್ಟರೆ ವರ್ಷಕ್ಕೆ ಸಾಕು. ರಾತ್ರಿ ಒಂದು ಹಿಡಿ ನೀರಿಗೆ ಹಾಕಿ, ಬೆಳಿಗ್ಗೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಬೇಕು. ಕುದಿಸದಿದ್ದರೆ ಮರುದಿನಕ್ಕೇ ಹುಳಿ ವಾಸನೆ ಬರುತ್ತದೆ, ಕುದಿಸಿದರೂ ಎರಡು ಮೂರು ದಿನದ್ದೇ ಬಾಳಿಕೆ. ಅಂಗಡಿ ಸೋಪಿನಷ್ಟು ನೊರೆ ಬರುವುದಿಲ್ಲ. ಎಣ್ಣೆ ಬಾಣಲೆಗೆ ಮೊದಲು ಬೂದಿ ಹಾಕಿ ಉಜ್ಜದಿದ್ದರೆ ಜಿಡ್ಡು ಬಿಡುವುದೂ ಇಲ್ಲ. ಕಣ್ಣಿಗೆ ಹಾರಿದರೆ ಉರಿಯೋ ಉರಿ. ಮರದ್ದು ಎಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಚೆಲ್ಲುವ ಹಾಗೂ ಇಲ್ಲ, ಅಂಟುವಾಳದ ನೀರು ಮೀನಿಗೆ ವಿಷ. ನಮ್ಮ ಪಾತ್ರೆ ತೊಳೆದ ನೀರು ಬಾಳೆಬುಡಕ್ಕೆ ಹೋಗುವಂತೆ ಕಣಿ ತಿರುಗಿಸಿದ್ದೇವೆ, ತೋಡಿಗೆ ಬಿಡುವುದಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ಮನೆಯಲ್ಲಿ ಜೆಂಬರ, ಅಂದರೆ ನೆಂಟರಿಷ್ಟರ ಊಟದ ಸಮಾರಂಭ, ಬಂದಾಗ. ಊಟಕ್ಕೆ ಬಾಳೆಲೆ, ತಿಂಡಿಗೆ ಹಾಳೆ ತಟ್ಟೆ, ಇದರಲ್ಲಿ ಚರ್ಚೆಗೆ ಏನಿಲ್ಲ. ಉದುರಿದ ಹಾಳೆಯನ್ನು ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ಅಂಟೂ ಬೇಡ, ಬಣ್ಣವೂ ಬೇಡ. ತಂಟೆ ಇರುವುದು ಕುಡಿಯುವ ನೀರಿನಲ್ಲಿ. ಎಲೆಯ ಪಕ್ಕಕ್ಕೊಂದು ನೀರಿನ ಬಾಟಲಿ ಇಡುವುದು ಈಗ ಮರ್ಯಾದೆಯ ಪ್ರಶ್ನೆ. 2020ರ ಜನವರಿ 1ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧ ಇದ್ದರೂ ಚಪ್ಪರದ ಹಿಂದೆ ರಾಶಿ ಬೀಳುವುದು ತಪ್ಪಿಲ್ಲ. ಕಾಗದದ ಲೋಟೆ ಆಗಬಹುದಲ್ಲ ಎಂದವರಿಗೆ ಒಂದನ್ನು ನೆನೆಸಿ, ಹರಿದು ತೋರಿಸಿದೆ. ಕಾಗದ ಕರಗಿದ ಮೇಲೂ ಒಳಗಿನ ಪ್ಲಾಸ್ಟಿಕ್ ಪೊರೆ ಬೆರಳಿಗೆ ಅಂಟಿಕೊಂಡೇ ಇತ್ತು.

ಸ್ಟೀಲಿನ ಲೋಟೆ ಭಜನಾ ಮಂದಿರದಲ್ಲಿ ಬಾಡಿಗೆಗೆ ಸಿಗುತ್ತದೆ. ಪ್ರಶ್ನೆ ಲೋಟೆಯದ್ದಲ್ಲ. ನಾದಿನಿ ನೇರವಾಗಿಯೇ ಕೇಳಿದಳು: "ಅತ್ತಿಗೆ, ಪರಿಸರ ನಿಮ್ಮದು, ತೊಳೆಯುವ ಕೈ ಯಾರದ್ದು?" ಅವಳ ಮಾತಿಗೆ ನನ್ನಲ್ಲಿ ಎದುರು ಮಾತಿರಲಿಲ್ಲ. ಬಾಟಲಿ ಬಂದದ್ದೇ ಹೆಂಗಸರ ಸೊಂಟ ಉಳಿಯಿತು ಎಂಬ ಸಮಾಧಾನದಲ್ಲಿ. ಅದನ್ನು ತೆಗೆದು ಹಾಕಿ ಮತ್ತೆ ಅವರನ್ನೇ ಬಚ್ಚಲಿಗೆ ಕಳಿಸುವುದಾದರೆ ಅದೆಂಥ ಸುಧಾರಣೆ?

ಹಾಗಾಗಿ ಹಿಂದಿನ ರಾತ್ರಿ ತರಕಾರಿ ಕೊರೆಯಲು ಎಲ್ಲ ಸೇರಿದಾಗಲೇ ವಿಷಯ ತೆಗೆದೆ. ಬಡಿಸುವುದಕ್ಕೆ ಗಂಡಸರ ಪಟ್ಟಿ ಮಾಡುತ್ತೇವಲ್ಲ, ಲೋಟೆ ತೊಳೆಯುವುದಕ್ಕೂ ಅವರದ್ದೇ ಪಟ್ಟಿ ಆಯಿತು. ಅಂಗಳದ ಮೂಲೆಯಲ್ಲಿ, ಬಂದವರಿಗೆಲ್ಲ ಕಾಣುವಲ್ಲೇ, ಮೂರು ದೊಡ್ಡ ಪಾತ್ರೆ ಇಟ್ಟೆವು: ಒಂದರಲ್ಲಿ ಅಂಟುವಾಳದ ನೀರು, ಇನ್ನೊಂದರಲ್ಲಿ ತಣ್ಣೀರು, ಕೊನೆಯದರಲ್ಲಿ ಕೈ ಅದ್ದಲಾಗದಷ್ಟು ಬಿಸಿನೀರು, ಲೋಟೆಗಳನ್ನು ಬುಟ್ಟಿ ಸಮೇತ ಅದ್ದಿ ಎತ್ತಲಿಕ್ಕೆ. ಮಂಗಳೂರಿನಿಂದ ಬಂದ ಭಾವ ಪಂಚೆ ಎತ್ತಿಕಟ್ಟಿ ಕೂತದ್ದೇ ತಡ, ಉಳಿದ ಅಳಿಯಂದಿರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಪುನರ್ಪುಳಿ ಶರಬತ್ತು, ಜೀರಿಗೆ ಬಿಸಿನೀರು ಎರಡೂ ಅದೇ ಲೋಟೆಯಲ್ಲಿ ಹೋದವು. ಒಬ್ಬರು ಹಿರಿಯರು ಮಾತ್ರ ಬಾಟಲಿಯೇ ಬೇಕೆಂದು ಹಟ ಹಿಡಿದು ಅಂಗಡಿಗೆ ಹುಡುಗನನ್ನು ಓಡಿಸಿದರು. ಇರಲಿ.

ಅಂದಿನಿಂದ ಮೂರೂ ಪಾತ್ರೆ ನಮ್ಮ ಕುಟುಂಬದ ಜೆಂಬರಗಳಿಗೆ ಮನೆಯಿಂದ ಮನೆಗೆ ಹೋಗುತ್ತಿವೆ. ಪಟ್ಟಿ ಬರೆಯುವ ಕೆಲಸ ನಾದಿನಿ ವಹಿಸಿಕೊಂಡಿದ್ದಾಳೆ, ಅವಳು ಬರೆದ ಹೆಸರನ್ನು ಅಳಿಸುವ ಧೈರ್ಯ ಯಾರಿಗೂ ಇಲ್ಲ. ನನ್ನ ಕಣ್ಣು ಈಗ ತೋಟದ ಕೊಟ್ಟಿಗೆಯ ಮೇಲೆ. ಹರಿದ ಟರ್ಪಾಲು, ಗೊಬ್ಬರದ ಚೀಲ, ಒಡೆದ ಹನಿ ನೀರಾವರಿ ಪೈಪು: ಅಡುಗೆಮನೆಯಿಂದ ವರ್ಷವಿಡೀ ಹೊರಬೀಳುವುದಕ್ಕಿಂತ ಹೆಚ್ಚು ಅಲ್ಲೇ ಬಿದ್ದಿದೆ. ಅದು ಯಜಮಾನರ ಸುಪರ್ದಿ. ಈ ವರ್ಷ ಕಾಳುಮೆಣಸನ್ನು ಒಂದು ಪಾಲಾದರೂ ಟರ್ಪಾಲಿನ ಬದಲು ಸೆಗಣಿ ಸಾರಿಸಿದ ಅಂಗಳದಲ್ಲೇ ಒಣಗಿಸುವ ಎಂದಿದ್ದೇನೆ. "ಸಾರಿಸುವವರು ಯಾರು?" ಎಂದು ಅವರು ಕೇಳಿದ್ದಾರೆ. ಮಾತುಕತೆ ನಡೆಯುತ್ತಾ ಇದೆ.