ಕ್ಯಾಲ್ಕುಲಸ್‌ನಲ್ಲಿ ಎಡವುವುದು ಬೀಜಗಣಿತದ ಕಲ್ಲಿಗೇ

ಕ್ಯಾಲ್ಕುಲಸ್ ತಲೆಗೆ ಹತ್ತುತ್ತಿಲ್ಲ ಎನ್ನುವವರ ಉತ್ತರಪತ್ರಿಕೆ ತೆರೆದು ನೋಡಿದರೆ, ಮಾರ್ಕು ಹೋಗಿರುವುದು ಹೆಚ್ಚಾಗಿ ಭಿನ್ನರಾಶಿಯಲ್ಲಿ, ಆವರಣದಲ್ಲಿ, ಮೈನಸ್ ಚಿಹ್ನೆಯಲ್ಲಿ. ಹಾಗಾಗಿ ಮೊದಲು ಈ ಒಂದು ಲೆಕ್ಕ ಮಾಡಿ: 1/(ಎಕ್ಸ್ + ಎಚ್) ಇಂದ 1/ಎಕ್ಸ್ ಕಳೆಯಿರಿ, ಬಂದದ್ದನ್ನು ಎಚ್‌ನಿಂದ ಭಾಗಿಸಿ.

ಛೇದ ಒಂದೇ ಮಾಡಿದಾಗ ಅಂಶದಲ್ಲಿ ಎಕ್ಸ್ − (ಎಕ್ಸ್ + ಎಚ್) ಬರುತ್ತದೆ, ಅಂದರೆ −ಎಚ್. ಮೇಲಿನ ಎಚ್, ಕೆಳಗಿನ ಎಚ್ ಹೊಡೆದುಹೋಗಿ ಉಳಿಯುವುದು −1/(ಎಕ್ಸ್ (ಎಕ್ಸ್ + ಎಚ್)). ಆವರಣ ಹಾಕದೆ ಎಕ್ಸ್ − ಎಕ್ಸ್ + ಎಚ್ ಎಂದು ಬರೆದಿರೋ, ಮೈನಸ್ ಮಾಯ. ಇನ್ನು ಎಚ್ ಅನ್ನು ಸೊನ್ನೆಯತ್ತ ಒಯ್ದರೆ −1/ಎಕ್ಸ್². ಅದೇ 1/ಎಕ್ಸ್‌ನ ಡೆರಿವೇಟಿವ್, ಅಂದರೆ ಎಕ್ಸ್ ಬದಲಾದಂತೆ ಅದು ಬದಲಾಗುವ ದರ. ಕ್ಯಾಲ್ಕುಲಸ್ ಕೆಲಸ ಮಾಡಿದ್ದು ಕಡೆಯ ಹೆಜ್ಜೆಯಲ್ಲಿ ಮಾತ್ರ.

ಉತ್ತರ ಸರಿಯೇ ಎಂದು ಸಂಖ್ಯೆ ಹಾಕಿ ನೋಡಿ. ಎಕ್ಸ್ 2, ಎಚ್ 0.1 ಆದರೆ ಸುಮಾರು −0.238; ಎಚ್ 0.01 ಆದರೆ −0.249. ಸೂತ್ರ ಹೇಳುವುದು −0.25. ಈ ಅಭ್ಯಾಸ ಎಲ್ಲೆಡೆ ಕಾಪಾಡುತ್ತದೆ. (ಎಕ್ಸ್ + 3)/3 ರಲ್ಲಿ 3 ಹೊಡೆದುಹಾಕಲು ಕೈ ತುರಿಸಿದರೆ ಎಕ್ಸ್ ಜಾಗದಲ್ಲಿ 6 ಇಡಿ: ಬರುವುದು 3, 6 ಅಲ್ಲ.

ಫಂಕ್ಷನ್, ಗ್ರಾಫ್, ಲಾಗರಿದಮ್, ತ್ರಿಕೋನಮಿತಿ ಮುಗಿಸದೆ ಲಿಮಿಟ್‌ಗೆ, ಅಂದರೆ ಬೆಲೆ ಯಾವುದಕ್ಕೆ ಹತ್ತಿರವಾಗುತ್ತದೆ ಎಂಬ ಲೆಕ್ಕಕ್ಕೆ, ಹೋಗಬೇಡಿ. ಹೋಗುವ ಮುನ್ನ ಕ್ಯಾಲ್ಕುಲೇಟರ್ ಕೋನವನ್ನು ಡಿಗ್ರಿಯ ಬದಲು ರೇಡಿಯನ್‌ನಲ್ಲಿ ಅಳೆಯುತ್ತಿದೆಯೇ ನೋಡಿಕೊಳ್ಳಿ. ಎಕ್ಸ್ ಸೊನ್ನೆಯತ್ತ ಹೋದಾಗ ಸೈನ್ ಎಕ್ಸ್/ಎಕ್ಸ್ ಬೆಲೆ 1ಕ್ಕೆ ಹತ್ತಿರವಾಗುವುದು ರೇಡಿಯನ್‌ನಲ್ಲಿ ಮಾತ್ರ, ಡಿಗ್ರಿಯಲ್ಲಿ 0.01745 ತೋರಿಸುತ್ತದೆ.

ಇಂಟಿಗ್ರಲ್‌ನಲ್ಲಿ (ಗ್ರಾಫಿನ ಕೆಳಗಿನ ವಿಸ್ತೀರ್ಣದಂಥ ಮೊತ್ತದ ಲೆಕ್ಕದಲ್ಲಿ) ಚರವನ್ನು ಬದಲಿಸಿದರೆ ಮೇಲಿನ ಕೆಳಗಿನ ಮಿತಿಗಳೂ ಬದಲಾಗಬೇಕು. 2ಎಕ್ಸ್(ಎಕ್ಸ್² + 1)³ ಅನ್ನು 0 ಇಂದ 2ರ ತನಕ ಇಂಟಿಗ್ರೇಟ್ ಮಾಡುವಾಗ ಎಕ್ಸ್² + 1 ಅನ್ನು ಯು ಎಂದುಕೊಳ್ಳಿ. ಆಗ 2ಎಕ್ಸ್ ಡಿಎಕ್ಸ್ ಎಂಬುದೇ ಡಿಯು, ಮಿತಿ 1 ಇಂದ 5. ಉತ್ತರ (625 − 1)/4 = 156. ಹಳೇ ಮಿತಿಯನ್ನೇ ಉಳಿಸಿಕೊಂಡವರಿಗೆ 4 ಸಿಗುತ್ತದೆ.

ಶ್ರೇಣಿಗಳಲ್ಲಿ ಒಂದೇ ಎಚ್ಚರಿಕೆ: ಪದಗಳು ಸೊನ್ನೆಯತ್ತ ಇಳಿದ ಮಾತ್ರಕ್ಕೆ ಮೊತ್ತ ನಿಲ್ಲುವುದಿಲ್ಲ. 1 + 1/2 + 1/3 + 1/4 ಎಂದು ಕೂಡುತ್ತಾ ಹೋದರೆ ಯಾವ ಸಂಖ್ಯೆಯನ್ನಾದರೂ ದಾಟುತ್ತದೆ, ಬಹಳ ನಿಧಾನವಾಗಿ.

ಎರಡು ಚರಗಳ ಇಂಟಿಗ್ರಲ್ ಬಂದಾಗ ಮೊದಲು ಪ್ರದೇಶದ ಚಿತ್ರ ಬರೆಯಿರಿ, ಸೊಟ್ಟಗಿದ್ದರೂ ಸರಿ. ಪೋಲಾರ್‌ಗೆ, ಅಂದರೆ ಕೇಂದ್ರದಿಂದ ದೂರ (ಆರ್) ಮತ್ತು ಕೋನದ ಅಳತೆಗೆ ತಿರುಗಿಸಿದರೆ ಜೊತೆಗೆ ಒಂದು ಆರ್ ಗುಣಿಸಬೇಕು. ಮರೆತರೆ ತ್ರಿಜ್ಯ 1 ಇರುವ ವೃತ್ತದ ವಿಸ್ತೀರ್ಣ ಪೈ ಬದಲು 2 ಪೈ ಆಗುತ್ತದೆ.

ಲಿಮಿಟ್ ಸರಿಯೆಂದು ತೋರಿಸುವ ಎಪ್ಸಿಲಾನ್-ಡೆಲ್ಟಾ ಸಾಧನೆಗೆ ಎರಡು ಹಾಳೆ ಬೇಕು. ಉತ್ತರದಲ್ಲಿ ಎಷ್ಟು ವ್ಯತ್ಯಾಸ ಸಹಿಸಬಹುದು ಎಂಬುದು ಎಪ್ಸಿಲಾನ್, ಅದಕ್ಕೆ ಎಕ್ಸ್ ಎಷ್ಟು ಹತ್ತಿರವಿರಬೇಕು ಎಂಬುದು ಡೆಲ್ಟಾ. ಎಕ್ಸ್ 2ರತ್ತ ಹೋದಾಗ ಎಕ್ಸ್² 4ರತ್ತ ಹೋಗುತ್ತದೆಂದು ತೋರಿಸಬೇಕು ಎನ್ನಿ. ಕಚ್ಚಾ ಹಾಳೆಯಲ್ಲಿ ಕೊನೆಯಿಂದ ಹಿಂದಕ್ಕೆ ಬನ್ನಿ: ಎಕ್ಸ್² − 4 ಎಂದರೆ (ಎಕ್ಸ್ − 2)(ಎಕ್ಸ್ + 2). ಎಕ್ಸ್ 2ರಿಂದ 1ಕ್ಕಿಂತ ಕಡಿಮೆ ದೂರದಲ್ಲಿದ್ದರೆ ಎಕ್ಸ್ + 2 ಐದನ್ನು ಮೀರದು. ಆದ್ದರಿಂದ 1 ಮತ್ತು ಎಪ್ಸಿಲಾನ್/5, ಇವೆರಡರಲ್ಲಿ ಚಿಕ್ಕದನ್ನು ಡೆಲ್ಟಾ ಎಂದು ಆರಿಸಿ. ಶುದ್ಧ ಹಾಳೆಯಲ್ಲಿ ಅದೇ ಸಾಲುಗಳನ್ನು ಡೆಲ್ಟಾದಿಂದ ಶುರುಮಾಡಿ ಮುಂದಕ್ಕೆ ಬರೆಯಿರಿ. ಇಲ್ಲೂ ದಾರಿ ತೆರೆದದ್ದು ಹಳೆಯ ಅಪವರ್ತನವೇ.